ಮನೆ ಮುಂದಿನ ಚಿಕ್ಕ ಕೈತೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಟಿನಿಂದ ಬಾಗಿಲಿನವರೆಗೆ ಹತ್ತು ಹದಿನೈದು ಅಡಿ ಜಾಗ ಇದ್ದರೆ ಏನು ಮಾಡಬಹುದು? ತುಂಬಾ ಮಾಡಬಹುದು. ಆದರೆ ಹಿತ್ತಲಿನ ತೋಟಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಹಿತ್ತಲಲ್ಲಿ ನಾವು ಹೋಗಿ ಕೂರುತ್ತೇವೆ. ಮುಂದಿನ ತೋಟವನ್ನು ಹಾದು ಹೋಗುತ್ತೇವೆ. ದಿನಕ್ಕೆ ನಾಲ್ಕಾರು ಸಲ, ಕೈಯಲ್ಲಿ ಚೀಲ ಹಿಡಿದು, ಕೆಲವೊಮ್ಮೆ ಮಳೆಯಲ್ಲಿ, ಕೆಲವೊಮ್ಮೆ ಕತ್ತಲಲ್ಲಿ. ಹಾಗಾಗಿ ಇಲ್ಲಿ ದಾರಿ ಮೊದಲು, ಗಿಡ ಆಮೇಲೆ. ಗಿಡದ ಬಗೆಗಳು ಕಡಿಮೆ ಇರಲಿ, ಒಂದೊಂದು ಬಗೆಯಲ್ಲೂ ಗಿಡ ಜಾಸ್ತಿ ಇರಲಿ. ಕೆಳಗಿನ ಹೆಚ್ಚಿನ ಉತ್ತರಗಳಿಗೆ ಈ ಎರಡು ಮಾತೇ ಆಧಾರ.

ಎಲ್ಲಿಂದ ಶುರು ಮಾಡಬೇಕು?

ನರ್ಸರಿಯಿಂದಲ್ಲ, ಅಳತೆ ಟೇಪಿನಿಂದ. ಚೌಕುಳಿ ಹಾಳೆ ತೆಗೆದುಕೊಂಡು ಒಂದು ಚೌಕ ಒಂದು ಅಡಿ ಅಂತ ಲೆಕ್ಕ ಹಾಕಿ ಜಾಗವನ್ನು ಬರೆದುಕೊಳ್ಳಿ. ಗೇಟು, ಬಾಗಿಲು, ಕಿಟಕಿ, ನೀರಿನ ನಲ್ಲಿ, ಮೀಟರ್ ಪೆಟ್ಟಿಗೆ, ಚರಂಡಿಯ ಮುಚ್ಚಳ, ನೆಲದಡಿಯ ಪೈಪು, ಮೇಲೆ ಹಾದು ಹೋಗುವ ತಂತಿ ಎಲ್ಲವನ್ನೂ ಗುರುತು ಮಾಡಿ. ಗಾಡಿ ನಿಲ್ಲಿಸುವ ಜಾಗ ಇದ್ದರೆ ಗಾಡಿಯ ಬಾಗಿಲು ಎಲ್ಲಿಯವರೆಗೆ ತೆರೆಯುತ್ತದೆ ಅನ್ನೋದನ್ನೂ ಬರೆಯಿರಿ. ಇದನ್ನು ಮರೆಯುವವರೇ ಜಾಸ್ತಿ.

ಆಮೇಲೆ ನೀರಿನ ಪೈಪನ್ನೋ ಹಗ್ಗವನ್ನೋ ನೆಲದ ಮೇಲೆ ಹಾಸಿ ದಾರಿಯ ಮತ್ತು ಪಾತಿಯ ಅಂಚು ಗುರುತಿಸಿ. ಒಂದು ವಾರ ಹಾಗೇ ಬಿಡಿ. ಓಡಾಡುವಾಗ ಎಲ್ಲಿ ಕಾಲು ಗೆರೆ ದಾಟುತ್ತದೋ ಅಲ್ಲಿ ಗೆರೆಯೇ ತಪ್ಪು, ಕಾಲಲ್ಲ. ಮನೆಯೊಳಗೆ ನಿಂತು ಕಿಟಕಿಯಿಂದಲೂ ಒಮ್ಮೆ ನೋಡಿ. ತೋಟವನ್ನು ನೀವು ಹೆಚ್ಚು ಹೊತ್ತು ನೋಡೋದು ಅಲ್ಲಿಂದಲೇ.

ಬಿಸಿಲು ಎಷ್ಟು ಬೀಳುತ್ತೆ ಅಂತ ಹೇಗೆ ಗೊತ್ತು ಮಾಡಿಕೊಳ್ಳೋದು?

ಮೋಡ ಇಲ್ಲದ ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ನೋಡಿ, ನೆರಳಿನ ಗೆರೆಯನ್ನು ಹಾಳೆಯಲ್ಲಿ ಎಳೆಯಿರಿ. 6 ಗಂಟೆ ಅಥವಾ ಹೆಚ್ಚು ನೇರ ಬಿಸಿಲು ಬಿದ್ದರೆ ಅದು ಪೂರ್ತಿ ಬಿಸಿಲಿನ ಜಾಗ. 3ರಿಂದ 6 ಗಂಟೆ ಇದ್ದರೆ ಅರೆ ನೆರಳು. ಅದಕ್ಕಿಂತ ಕಡಿಮೆ ಇದ್ದರೆ ನೆರಳು. ಬೆಳಗಿನ ಹೊತ್ತು ನಾಲ್ಕು ತಾಸು ಬೀಳುವ ಬಿಸಿಲೂ ಮಧ್ಯಾಹ್ನ ನಾಲ್ಕು ತಾಸು ಬೀಳುವ ಬಿಸಿಲೂ ಒಂದೇ ಅಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಮನೆಯಲ್ಲಿ ಗೋಡೆ, ಕಲ್ಲು ಎಲ್ಲ ಕಾದು ಗಿಡಕ್ಕೆ ಎರಡು ಕಡೆಯಿಂದ ಬಿಸಿ ತಟ್ಟುತ್ತದೆ. ಸೂರ್ಯನ ದಾರಿ ವರ್ಷವಿಡೀ ಒಂದೇ ಇರಲ್ಲ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವುದು ಒಳ್ಳೆಯದು.

ದಾರಿ ಎಷ್ಟು ಅಗಲ ಇರಬೇಕು? ನೇರ ಇರಬೇಕಾ, ಬಳುಕಬೇಕಾ?

ಒಬ್ಬರು ಆರಾಮಾಗಿ ನಡೆಯಲು 3 ಅಡಿ ಬೇಕು. ಇಬ್ಬರು ಜೊತೆಯಾಗಿ ನಡೆಯಲು 4 ಅಡಿ. ಗಾಲಿಕುರ್ಚಿ ಬರುವ ಮನೆಗೂ 4 ಅಡಿ ಒಳ್ಳೆಯದು. ಅಂಚಿನ ಗಿಡಗಳು ದಾರಿಯ ಮೇಲೆ ವಾಲುತ್ತವೆ. ಅದಕ್ಕೆ ಆರು ಇಂಚು ಸೇರಿಸಿಕೊಳ್ಳಿ. ಜಾಗ ಚಿಕ್ಕದು ಅಂತ ದಾರಿಯನ್ನು ಕಿರಿದು ಮಾಡಬೇಡಿ. ಮಳೆಯಲ್ಲಿ ಒದ್ದೆ ಎಲೆಗಳನ್ನು ಸವರಿಕೊಂಡು ಒಳಗೆ ಬರುವುದು ಯಾರಿಗೂ ಇಷ್ಟವಾಗಲ್ಲ.

ಕಾರಣವಿಲ್ಲದೆ ಬಳುಕುವ ದಾರಿಯನ್ನು ಜನ ಪಾತಿ ತುಳಿದು ಅಡ್ಡ ದಾಟುತ್ತಾರೆ. ಒಂದು ಮರವೋ ಬಂಡೆಯೋ ನಡುವೆ ಇದ್ದರೆ ಮಾತ್ರ ಬಳುಕು ಚೆಂದ. ಚಿಕ್ಕ ಜಾಗದಲ್ಲಿ ನನಗೆ ಇಷ್ಟವಾಗುವುದು ಮೂಲೆಯಿಂದ ಮೂಲೆಗೆ ಹೋಗುವ ದಾರಿ. 9 ಅಡಿ ಅಗಲ, 12 ಅಡಿ ಉದ್ದದ ಜಾಗದಲ್ಲಿ ಮೂಲೆಯಿಂದ ಮೂಲೆಗೆ 15 ಅಡಿ ಆಗುತ್ತದೆ. ಅಷ್ಟೇ ಜಾಗದಲ್ಲಿ ಉದ್ದದ ನೋಟ ಸಿಗುತ್ತದೆ, ಎರಡೂ ಪಕ್ಕ ಗಿಡ ಹಾಕಲು ಆಳವಾದ ತ್ರಿಕೋನ ಸಿಗುತ್ತದೆ. ಗೇಟು ಮತ್ತು ಬಾಗಿಲು ಎದುರುಬದುರು ಇದ್ದರೆ ಮಾತ್ರ ಇದು ಸರಿಹೋಗಲ್ಲ, ನೇರ ದಾರಿಯೇ ಸರಿ.

ದಾರಿಯ ಇಳಿಜಾರು ಮನೆಯಿಂದ ಹೊರಗೆ ಇರಲಿ. 10 ಅಡಿಗೆ ಎರಡೂವರೆ ಇಂಚು ಇಳಿದರೆ ನೀರು ನಿಲ್ಲುವುದಿಲ್ಲ, ನಡೆಯುವವರಿಗೂ ಗೊತ್ತಾಗುವುದಿಲ್ಲ.

ಪೂರ್ತಿ ಸಿಮೆಂಟ್ ಹಾಕಿಸಿ ನಾಲ್ಕು ಕುಂಡ ಇಟ್ಟರೆ ಸುಲಭ ಅಲ್ವಾ?

ಗುಡಿಸೋಕೆ ಸುಲಭ. ಆದರೆ ಲೆಕ್ಕ ನೋಡಿ. 20 ಚದರ ಮೀಟರ್ ನೆಲದ ಮೇಲೆ 25 ಮಿ.ಮೀ. ಮಳೆ ಬಿದ್ದರೆ 500 ಲೀಟರ್ ನೀರು. ಮಣ್ಣಿದ್ದರೆ ಅದರಲ್ಲಿ ಬಹುಪಾಲು ಇಂಗುತ್ತದೆ. ಸಿಮೆಂಟ್ ಇದ್ದರೆ ಅಷ್ಟೂ ರಸ್ತೆಗೆ ಹರಿಯುತ್ತದೆ, ಇಳಿಜಾರು ತಪ್ಪಿದ್ದರೆ ಮನೆಯ ಕಡೆಗೇ ಬರುತ್ತದೆ. ಹಗಲು ಕಾದ ಸಿಮೆಂಟು ರಾತ್ರಿಯೂ ಬಿಸಿ ಬಿಡುತ್ತಾ ಇರುತ್ತದೆ. ಮನೆ ಮುಂದೆ ಮಣ್ಣು ಉಳಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಾರು ನಿಲ್ಲಿಸಲೇಬೇಕಾದರೆ ಚಕ್ರ ಹೋಗುವ ಕಡೆ ಮಾತ್ರ ಗಟ್ಟಿ ಮಾಡಿ. ತಲಾ 2 ಅಡಿ ಅಗಲದ ಎರಡು ಪಟ್ಟಿ, ನಡುವೆ 3 ಅಡಿ ಮಣ್ಣು. ಸಾಮಾನ್ಯ ಕಾರಿಗೆ ಇದು ಸಾಕು. ನಡುವಿನ ಮಣ್ಣಿನಲ್ಲಿ ನೆಲಕ್ಕೆ ಹಬ್ಬುವ ಗಿಡ ಹಾಕಿ. ದಾರಿಗೆ ಚಪ್ಪಡಿ ಕಲ್ಲನ್ನು ಮರಳಿನ ಮೇಲೆ ಕೂರಿಸಿ, ಸಂದಿಗೆ ಜಲ್ಲಿ ತುಂಬಿದರೂ ನೀರು ಇಳಿಯುತ್ತದೆ.

ಹುಲ್ಲುಹಾಸು ಹಾಕಬಹುದಾ?

100 ಚದರ ಅಡಿಗಿಂತ ಕಡಿಮೆ ಜಾಗದಲ್ಲಿ ಬೇಡ ಅಂತಲೇ ಹೇಳುತ್ತೇನೆ. ಕತ್ತರಿಸುವ ಯಂತ್ರ ಇಡೋಕೆ ಜಾಗ ಬೇಕು, ವಾರವಾರ ಕೆಲಸ, ನೆರಳಲ್ಲಿ ಹುಲ್ಲು ತೆಳುವಾಗುತ್ತದೆ, ಎಲ್ಲರೂ ಕಾಲಿಡುವ ಜಾಗದಲ್ಲಿ ಮಣ್ಣು ಕಾಣುತ್ತದೆ. ಬಿಸಿಲಿದ್ದರೆ ಟೇಬಲ್ ರೋಸ್, ತೇವ ಮತ್ತು ಅರೆ ನೆರಳಿದ್ದರೆ ಒಂದೆಲಗ ನೆಲ ಮುಚ್ಚುತ್ತವೆ.

ಒಂದು ಎಚ್ಚರಿಕೆ. ಹಳದಿ ಹೂವಿನ ವೆಡೇಲಿಯಾ ಬೇಗ ಹಬ್ಬುತ್ತದೆ ಅಂತ ಎಲ್ಲರೂ ಕೊಡುತ್ತಾರೆ. ಅದೂ ಲಂಟಾನವೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಬೇಲಿ ದಾಟಿ ಹೋದ ಮೇಲೆ ಹಿಡಿಯೋಕೆ ಆಗಲ್ಲ.

ಎಷ್ಟು ಬಗೆಯ ಗಿಡ ಹಾಕಬಹುದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ನರ್ಸರಿಗೆ ಹೋದಾಗ ಕಣ್ಣಿಗೆ ಬಿದ್ದದ್ದೆಲ್ಲ ಒಂದೊಂದು ತಂದರೆ ಮನೆ ಮುಂದೆ ಇನ್ನೊಂದು ನರ್ಸರಿ ಆಗುತ್ತದೆ, ತೋಟ ಆಗುವುದಿಲ್ಲ. ಕಣ್ಣು ಎಲ್ಲೂ ನಿಲ್ಲುವುದಿಲ್ಲ. ನೂರರಿಂದ ನೂರೈವತ್ತು ಚದರ ಅಡಿಗೆ ಐದರಿಂದ ಏಳು ಬಗೆ ಸಾಕು.

ನಾನು ಆರಿಸುವ ಕ್ರಮ ಹೀಗೆ. ಮೊದಲು ಒಂದೇ ಒಂದು ಮುಖ್ಯ ಗಿಡ. ಪುಟ್ಟ ಮರ ಅಥವಾ ಆಕಾರ ಚೆಂದವಿರುವ ದೊಡ್ಡ ಪೊದೆ. ಅದು ಎಲ್ಲಿರಬೇಕು ಅಂತ ಗೊತ್ತಾದರೆ ಉಳಿದದ್ದು ಸಲೀಸು. ಆಮೇಲೆ ವರ್ಷವಿಡೀ ಹಸಿರಿರುವ ಎರಡು ಬಗೆಯ ಪೊದೆ, ಒಂದೊಂದು ಮೂರರ ಗುಂಪಿನಲ್ಲಿ. ಹೂವು ಇಲ್ಲದ ತಿಂಗಳಲ್ಲಿ ತೋಟವನ್ನು ಹಿಡಿದು ನಿಲ್ಲಿಸುವುದು ಇವೇ. ಆಮೇಲೆ ಹೂವಿಗೆ ಒಂದೆರಡು ಬಗೆ, ಐದರ ಅಥವಾ ಏಳರ ಗುಂಪಿನಲ್ಲಿ. ಕೊನೆಗೆ ಅಂಚಿಗೆ ಒಂದೇ ಬಗೆ, ದಾರಿಯ ಉದ್ದಕ್ಕೂ. ಅಂಚಿನ ಗಿಡ ಮಧ್ಯದಲ್ಲಿ ಬದಲಾಗಬಾರದು.

ಬೆಚ್ಚಗಿನ ಊರಿನ ಬಿಸಿಲು ಜಾಗಕ್ಕೆ ಒಂದು ಉದಾಹರಣೆ. ಮೂಲೆಯಲ್ಲಿ ಒಂದು ದೇವಕಣಗಿಲೆ. ಅದರ ಮುಂದೆ ಮೂರು ಗಿಡ್ಡ ಕೇಪಳ, ಗೋಡೆ ಬದಿಗೆ ಮೂರು ನಂದಿಬಟ್ಟಲು. ನಡುವೆ ಐದು ನಿತ್ಯಪುಷ್ಪ, ಬಿಳಿಯದು ಮಾತ್ರ. ಅಂಚಿಗೆ ಟೇಬಲ್ ರೋಸ್. ಒಟ್ಟು ಐದೇ ಬಗೆ. ನೆರಳಿನ ಜಾಗಕ್ಕಾದರೆ ಲೇಡಿ ಪಾಮ್ ಮುಖ್ಯ ಗಿಡ. ಜೊತೆಗೆ ಜರಿಗಿಡದ ಗುಂಪು, ಪೀಸ್ ಲಿಲಿ, ಅಂಚಿಗೆ ಬಿಳಿ ಪಟ್ಟಿಯ ಸ್ಪೈಡರ್ ಗಿಡ. ನೆರಳಲ್ಲಿ ಹೂವಿಗಿಂತ ಎಲೆಯೇ ಕೆಲಸ ಮಾಡುತ್ತದೆ. ಬಿಳಿ ಅಂಚಿರುವ ಎಲೆಗಳು ಕತ್ತಲ ಮೂಲೆಗೆ ಬೆಳಕು ತರುತ್ತವೆ. ಹಿಮ ಬೀಳುವ ಊರಲ್ಲಿ ಗಿಡಗಳ ಹೆಸರು ಬದಲಾಗುತ್ತದೆ, ಕ್ರಮ ಅದೇ. ಅಲ್ಲಿ ಲ್ಯಾವೆಂಡರ್ ಬಿಸಿಲಿನ ಅಂಚಿಗೂ ಹೈಡ್ರೇಂಜಿಯಾ ಅರೆ ನೆರಳಿಗೂ ಒಗ್ಗುತ್ತವೆ.

ಗಿಡಗಳ ನಡುವೆ ಎಷ್ಟು ಅಂತರ ಬಿಡಬೇಕು?

ತರುವಾಗಿನ ಗಾತ್ರ ನೋಡಬೇಡಿ, ಪೂರ್ತಿ ಬೆಳೆದಾಗಿನ ಹರವು ಕೇಳಿ. ಎರಡು ಗಿಡಗಳ ಹರವು ಕೂಡಿಸಿ ಎರಡರಿಂದ ಭಾಗಿಸಿ. ಒಂದು 4 ಅಡಿ ಹರಡುತ್ತದೆ, ಇನ್ನೊಂದು 2 ಅಡಿ. ಹಾಗಾದರೆ ನಡುವೆ 3 ಅಡಿ. ಮೊದಲ ವರ್ಷ ಪಾತಿ ಖಾಲಿ ಖಾಲಿ ಕಾಣುತ್ತದೆ, ಬೇಜಾರಾಗುತ್ತದೆ. ಆ ಖಾಲಿ ಜಾಗಕ್ಕೆ ಚೆಂಡು ಹೂ, ಜಿನಿಯಾ, ಕಾಸ್ಮಾಸ್ ಬೀಜ ಹಾಕಿ. ದೊಡ್ಡ ಗಿಡಗಳು ಜಾಗ ತುಂಬುವ ಹೊತ್ತಿಗೆ ಇವುಗಳ ಕೆಲಸ ಮುಗಿದಿರುತ್ತದೆ.

ಎತ್ತರದ ಗಿಡ ಯಾವಾಗಲೂ ಹಿಂದೆಯೇ ಇರಬೇಕಾ?

ಒಂದೇ ಕಡೆಯಿಂದ ನೋಡುವ ಪಾತಿಗೆ ಹೌದು. ಆದರೆ ಮುಂದಿನ ತೋಟವನ್ನು ರಸ್ತೆಯಿಂದಲೂ ಕಿಟಕಿಯಿಂದಲೂ ನೋಡುತ್ತೇವೆ. ರಸ್ತೆಯಿಂದ ಹಿಂದೆ ಇರುವುದು ಕಿಟಕಿಗೆ ಮುಂದೆ. ಕಿಟಕಿಯ ಕೆಳಗೆ ಹಾಕುವ ಗಿಡ ಕಿಟಕಿಯ ತಳಕ್ಕಿಂತ ಎತ್ತರ ಬೆಳೆಯದ ಜಾತಿಯಾಗಿರಲಿ. ಎತ್ತರದ ಗಿಡಗಳನ್ನು ಎರಡು ಕಿಟಕಿಗಳ ನಡುವಿನ ಗೋಡೆಗೆ ಅಥವಾ ಮೂಲೆಗೆ ಕೊಡಿ. ಗಾಡಿ ಹೊರಗೆ ಹೋಗುವ ಗೇಟಿನ ಎರಡೂ ಬದಿ ಎರಡೂವರೆ ಅಡಿಗಿಂತ ಎತ್ತರದ್ದು ಬೇಡವೇ ಬೇಡ. ರಸ್ತೆಯಲ್ಲಿ ಬರುವ ಮಗು ಗಾಡಿ ಓಡಿಸುವವರಿಗೆ ಕಾಣಬೇಕು.

ಮರ ನೆಡಬಹುದಾ?

ನೆಡಬಹುದು, ನೆಟ್ಟರೆ ತುಂಬಾ ಚೆಂದ. ಒಂದು ಪುಟ್ಟ ಮರ ಇದ್ದರೆ ಮನೆಯ ಎತ್ತರಕ್ಕೂ ನೆಲದ ಗಿಡಗಳಿಗೂ ನಡುವೆ ಒಂದು ಮೆಟ್ಟಿಲು ಸಿಕ್ಕಂತಾಗುತ್ತದೆ. ಪಾರಿಜಾತ, ದೇವಕಣಗಿಲೆ, ದಾಳಿಂಬೆ ಈ ಅಳತೆಗೆ ಹೊಂದುತ್ತವೆ. ಪಾರಿಜಾತವನ್ನು ಆಗಾಗ ಸವರಬೇಕು. ಅದರ ಹೂವು ಬೆಳಗಿನ ಜಾವ ಉದುರುವುದರಿಂದ ದಾರಿಗೆ ತಾಗಿ ಬೇಡ, ಪಾತಿಯ ಮೇಲೆ ಉದುರುವ ಹಾಗಿರಲಿ. ಗೋಡೆಯಿಂದ ಕನಿಷ್ಠ 6ರಿಂದ 8 ಅಡಿ ದೂರ ಬಿಡಿ.

ಆಲ, ಅರಳಿ, ಅತ್ತಿ, ಅಂದದ ಫೈಕಸ್ ಯಾವುದೂ ಬೇಡ. ಕುಂಡದಲ್ಲಿ ಸಾಧುವಾಗಿ ಕಾಣುವ ಫೈಕಸ್ ನೆಲಕ್ಕೆ ಬಿದ್ದರೆ ಬೇರು ನೀರು ಹುಡುಕಿಕೊಂಡು ಬಿರುಕು ಬಿಟ್ಟ ಪೈಪಿನೊಳಗೆ ಹೋಗುತ್ತದೆ.

ಚಿಕ್ಕ ಜಾಗ ದೊಡ್ಡದಾಗಿ ಕಾಣಲು ಏನು ಮಾಡಬೇಕು?

ಕೆಂಪು, ಕೇಸರಿ, ಹಳದಿ ಬಣ್ಣಗಳು ಹತ್ತಿರ ಬಂದಂತೆ ಕಾಣುತ್ತವೆ. ನೀಲಿ, ನೇರಳೆ ದೂರ ಸರಿದಂತೆ ಕಾಣುತ್ತವೆ. ಬಿಸಿ ಬಣ್ಣ ಗೇಟಿನ ಹತ್ತಿರ, ತಂಪು ಬಣ್ಣ ದೂರದ ಮೂಲೆಗೆ ಕೊಟ್ಟರೆ ಜಾಗ ಆಳವಾಗುತ್ತದೆ. ಎಲೆಗೂ ಇದೇ ಲೆಕ್ಕ. ಅಗಲ ಎಲೆ ಮುಂದೆ, ಸಣ್ಣ ಎಲೆ ಹಿಂದೆ. ಇಂಗ್ಲೆಂಡಿನ ತೋಟಗಾತಿ ಗರ್ಟ್ರೂಡ್ ಜೀಕಿಲ್ (1843–1932) ಉದ್ದನೆಯ ಪಾತಿಯ ಎರಡು ತುದಿಗೆ ತಂಪು ಬಣ್ಣ, ನಡುವೆ ಬಿಸಿ ಬಣ್ಣ ಇಡುತ್ತಿದ್ದರು. ಅವರದು ತುಂಬಾ ದೊಡ್ಡ ಪಾತಿಗಳು. ನಮ್ಮ ಜಾಗಕ್ಕೆ ಎರಡು ಬಣ್ಣ ಮತ್ತು ಬಿಳಿ ಸಾಕು. ಸಂಜೆ ಮನೆಗೆ ಬರುವವರಿಗೆ ಕೊನೆಯವರೆಗೂ ಕಾಣುವುದು ಬಿಳಿ ಹೂವೇ.

ಇನ್ನೊಂದು ವಿಷಯ. ದಾರಿಗೆ ಒಂದು ಕಲ್ಲು, ಅಂಚಿಗೆ ಇನ್ನೊಂದು, ಮೆಟ್ಟಿಲಿಗೆ ಮತ್ತೊಂದು ಟೈಲು ಹಾಕಿದರೆ ಜಾಗ ಚೂರು ಚೂರಾಗಿ ಕಾಣುತ್ತದೆ. ಒಂದೇ ಕಲ್ಲು ಎಲ್ಲ ಕಡೆ ಬಳಸಿ.

ಮಣ್ಣು ಹೇಗಿದೆ ಅಂತ ಹೇಗೆ ನೋಡೋದು?

ಮನೆ ಮುಂದಿನ ಮಣ್ಣು ಬಹಳ ಸಲ ಮಣ್ಣೇ ಅಲ್ಲ, ಕಟ್ಟಡದ ಉಳಿಕೆ. ಮೊದಲು ಒಂದೂವರೆ ಅಡಿ ಅಗೆದು ಇಟ್ಟಿಗೆ ಚೂರು, ಗಾರೆ, ಜಲ್ಲಿ ತೆಗೆಯಿರಿ. ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರವಾಗಿರುತ್ತದೆ. ಅಂಥ ಕಡೆ ಕೇಪಳದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಅಂಶ ಸಿಗದ ಲಕ್ಷಣ. ಬರೀ ಗೊಬ್ಬರ ಸುರಿದರೆ ಹೋಗಲ್ಲ, ಗಾರೆ ತೆಗೆದು ಮಣ್ಣು ಬದಲಿಸಬೇಕು.

ನೀರು ಇಳಿಯುತ್ತದಾ ಅಂತ ನೋಡಲು ಒಂದಡಿ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಅಳೆಯಿರಿ. ಒಂದರಿಂದ ಮೂರು ಇಂಚು ಇಳಿದರೆ ಚೆನ್ನಾಗಿದೆ. ಒಂದು ಇಂಚಿಗಿಂತ ಕಡಿಮೆ ಇದ್ದರೆ ಕೊಳೆತ ಗೊಬ್ಬರ ಸೇರಿಸಿ ಪಾತಿಯನ್ನು ಆರೆಂಟು ಇಂಚು ಏರಿಸಿ.

ಗೋಡೆಗೆ ತಾಗಿಸಿ ಪಾತಿ ಮಾಡಬಹುದಾ?

ಪಾತಿಯ ಮಣ್ಣು ಗೋಡೆಯ ಪಾಯದಲ್ಲಿ ತೇವ ತಡೆಯುವ ಪದರಕ್ಕಿಂತ ಕನಿಷ್ಠ 6 ಇಂಚು ಕೆಳಗಿರಲಿ. ಮೇಲೆ ಬಂದರೆ ಗೋಡೆಯೊಳಗೆ ತೇವ ಏರುತ್ತದೆ. ಸೂರಿನ ಕೆಳಗೆ ಮಳೆ ಬೀಳುವುದೇ ಇಲ್ಲ, ಮಳೆಗಾಲದಲ್ಲೂ ಆ ಮಣ್ಣು ಒಣಗಿರುತ್ತದೆ. ಗಿಡವನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ನೆಡಿ. ಬಳ್ಳಿಯನ್ನೂ ಅಲ್ಲೇ ನೆಟ್ಟು ಗೋಡೆಯ ಕಡೆಗೆ ವಾಲಿಸಿ ಕಟ್ಟಿ.

ಕುಂಡದ ತಳಕ್ಕೆ ಜಲ್ಲಿ ಹಾಕಬೇಕಲ್ವಾ?

ಬೇಡ. ನೀರು ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಣದ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣಿನ ತಳದಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಬೇರಿನ ಹತ್ತಿರ ಬರುತ್ತದೆ. ತೂತಿನ ಮೇಲೆ ಒಂದು ಜಾಲರಿ ಚೂರು ಸಾಕು.

ಹತ್ತು ಚಿಕ್ಕ ಕುಂಡಕ್ಕಿಂತ ಎರಡು ದೊಡ್ಡವು ಮೇಲು. ಚಿಕ್ಕ ಕುಂಡ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ. ಪೊದೆ ಗಿಡಕ್ಕೆ ಒಂದೂವರೆ ಅಡಿ ಅಗಲದ ಕುಂಡ ಬೇಕು. ಬಾಗಿಲಿನ ಎರಡು ಬದಿ ಒಂದೇ ಬಗೆಯ ಎರಡು ಕುಂಡ ಇಟ್ಟರೆ ಉಳಿದ ಅಲಂಕಾರ ಬೇಕಾಗುವುದೇ ಇಲ್ಲ. 40 ಲೀಟರ್ ಒದ್ದೆ ಮಣ್ಣು ಸುಮಾರು 60 ಕಿಲೋ ಆಗಬಹುದು. ಇಡುವ ಜಾಗದಲ್ಲೇ ಮಣ್ಣು ತುಂಬಿ. ಕಳ್ಳರಿಗೂ ಎತ್ತೋಕೆ ಕಷ್ಟ.

ನೀರು ಎಷ್ಟು, ಯಾವಾಗ?

ದಿನಾ ಸುಮ್ನೆ ಎಲೆ ನೆನೆಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಬೇರೂರಿದ ಪಾತಿಗೆ ಮಳೆ ಇಲ್ಲದ ವಾರದಲ್ಲಿ ಒಂದು ಚದರ ಮೀಟರಿಗೆ 25 ಲೀಟರ್ ಒಳ್ಳೆಯ ಅಂದಾಜು. ಎರಡು ಸಲವಾಗಿ, ಬೆಳಗ್ಗೆ, ಬುಡಕ್ಕೆ. ಹೊಸ ಗಿಡಕ್ಕೆ ಮೊದಲ ಕೆಲವು ವಾರ ಇದಕ್ಕಿಂತ ಬೇಗ ಬೇಗ ಬೇಕು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಹಾಕಿ. ಒಣ ಎಲೆ, ತೊಗಟೆ ಚೂರನ್ನು ಎರಡು ಮೂರು ಇಂಚು ಹೊದಿಸಿ. ಕಾಂಡಕ್ಕೆ ತಾಗಬಾರದು, ತಾಗಿದರೆ ಕೊಳೆಯುತ್ತದೆ.

ಗಿಡ ಇದ್ದರೆ ಸೊಳ್ಳೆ ಬರುತ್ತಲ್ಲ?

ಸೊಳ್ಳೆ ಮರಿಯಾಗೋದು ನಿಂತ ನೀರಲ್ಲಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಒರೆಸಿ.

ಮಕ್ಕಳು, ಸಾಕುಪ್ರಾಣಿ ಇರುವ ಮನೆಗೆ ಯಾವುದು ಬೇಡ?

ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಹೃದಯಕ್ಕೆ ಹೊಡೆಯುತ್ತದೆ. ಹಳದಿ ಕಣಗಿಲೆಯ ಬೀಜ ಇನ್ನೂ ಅಪಾಯ. ಉಮ್ಮತ್ತಿಯೂ ವಿಷವೇ. ಡೈಫೆನ್‌ಬಾಕಿಯಾದ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಮೇಲೆ ಹೇಳಿದ ಪೀಸ್ ಲಿಲಿಯೂ ಬಾಯಿ ಉರಿಸುತ್ತದೆ. ಎಲೆ ಬಾಯಿಗೆ ಹಾಕುವ ವಯಸ್ಸಿನ ಮಗು ಇದ್ದರೆ ಆ ಜಾಗಕ್ಕೂ ಜರಿಗಿಡವನ್ನೇ ಹಾಕಿ. ದೇವಕಣಗಿಲೆಯ ಹಾಲು ಚರ್ಮಕ್ಕೆ ತಾಗಿದರೆ ಕೆರೆತ ಬರಬಹುದು, ಸವರುವಾಗ ಕೈಗವಸು ಹಾಕಿ. ಮುಳ್ಳಿರುವ ಕಾಗದದ ಹೂವು ದಾರಿ ಪಕ್ಕ ಬೇಡ, ಕಾಂಪೌಂಡ್ ಮೇಲೆ ಸರಿ.

ರಸ್ತೆಯ ಧೂಳು ತಡೆಯಲು, ಸ್ವಲ್ಪ ಮರೆಗೆ ಏನು ಹಾಕೋದು?

ಬುಡದವರೆಗೂ ಒತ್ತಾಗಿ ಎಲೆ ಇರುವ ಬೇಲಿ ಗಿಡ. ನುಣ್ಣಗಿನ ಎಲೆಗಿಂತ ರೋಮ ಇರುವ, ಒರಟಾದ, ಸಣ್ಣ ಎಲೆಗಳು ಧೂಳನ್ನು ಚೆನ್ನಾಗಿ ಹಿಡಿಯುತ್ತವೆ. ಕತ್ತರಿಸುವಾಗ ಬುಡ ಅಗಲ, ತುದಿ ಕಿರಿದು ಮಾಡಿ. ಉಲ್ಟಾ ಮಾಡಿದರೆ ಕೆಳಗೆ ಬಿಸಿಲು ತಾಗದೆ ಬುಡ ಬೋಳಾಗುತ್ತದೆ. ಎತ್ತರ 4 ಅಡಿ ಸಾಕು, ಕೂತಿರುವವರಿಗೆ ಮರೆ ಸಿಗುತ್ತದೆ, ನಿಂತವರು ರಸ್ತೆಯವರ ಜೊತೆ ಮಾತಾಡಬಹುದು.

ಮೀಟರ್ ಪೆಟ್ಟಿಗೆ, ಕಸದ ಡಬ್ಬಿ ಹೇಗೆ ಮರೆಮಾಡೋದು?

ಮರದ ಪಟ್ಟಿಯ ಜಾಲರಿ, ಅದಕ್ಕೊಂದು ಹಗುರ ಬಳ್ಳಿ. ಶಂಖಪುಷ್ಪ ಚೆನ್ನಾಗಿ ಒಪ್ಪುತ್ತದೆ. ಮೀಟರ್ ಓದುವವರು ಬಗ್ಗದೆ ನೋಡುವಷ್ಟು ಜಾಗ ಬಿಡಿ.

ಚಿಟ್ಟೆ, ಜೇನು ಬರಬೇಕು. ಯಾವ ಹೂವು?

ಒಂಟಿ ಸುತ್ತಿನ ಎಸಳಿನ ಹೂವು ಆರಿಸಿ. ಸುತ್ತು ದಾಸವಾಳದಂಥ ತುಂಬು ಹೂವುಗಳಲ್ಲಿ ಕೇಸರಗಳೇ ಎಸಳಾಗಿರುತ್ತವೆ, ಪರಾಗ ಸಿಗುವುದು ಕಡಿಮೆ. ಚಿಟ್ಟೆಗೆ ಹೂವಷ್ಟೇ ಸಾಲದು, ಮರಿಹುಳಕ್ಕೆ ಎಲೆಯೂ ಬೇಕು. ಒಂದು ನಿಂಬೆ ಅಥವಾ ಕರಿಬೇವಿನ ಗಿಡ ಇದ್ದರೆ ಬಾಲದ ಚಿಟ್ಟೆಗಳ ಜಾತಿಯ ಕೆಲವು ಅದರ ಮೇಲೆ ಮೊಟ್ಟೆ ಇಡುತ್ತವೆ. ಎಲೆ ತಿಂದ ಗುರುತು ಕಂಡ ತಕ್ಷಣ ಔಷಧಿ ಹೊಡೆಯಬೇಡಿ. ಹುಳ ಎಲೆ ತಿಂದರೂ ಗಿಡ ಮತ್ತೆ ಚಿಗುರುತ್ತದೆ.

ರಾತ್ರಿ ಬೆಳಕು?

ಮೆಟ್ಟಿಲಿಗೂ ದಾರಿಯ ತಿರುವಿಗೂ ಮಾತ್ರ, ಮೊಣಕಾಲಿಗಿಂತ ಕೆಳಗೆ, ನೆಲದ ಕಡೆ ಮುಖ ಮಾಡಿ. 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ದೀಪ ತನ್ನಿ. ನೀಲಿ ಛಾಯೆಯ ಬಿಳಿ ದೀಪಕ್ಕೆ ಹುಳಗಳು ಜಾಸ್ತಿ ಮುತ್ತುತ್ತವೆ.

ಗಿಡ ತಂದ ಮೇಲೆ ಹೇಗೆ ನೆಡೋದು?

ಗುಂಡಿ ಬೇರಿನ ಗಡ್ಡೆಗಿಂತ ಎರಡು ಪಟ್ಟು ಅಗಲ, ಆಳ ಮಾತ್ರ ಗಡ್ಡೆಯಷ್ಟೇ. ಆಳ ಜಾಸ್ತಿಯಾದರೆ ಗಿಡ ಕುಸಿದು ಕಾಂಡ ಮಣ್ಣಲ್ಲಿ ಹೂತು ಹೋಗುತ್ತದೆ. ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಬೆರಳಿಂದ ಬಿಡಿಸಿ. ಬಿಡಿಸದಿದ್ದರೆ ನೆಲದಲ್ಲೂ ಹಾಗೇ ಸುತ್ತುತ್ತಾ ಇರುತ್ತದೆ. ನೆಡಲು ಸಂಜೆ ಒಳ್ಳೆಯದು.

ಈಗಾಗಲೇ ಹಳೇ ಪೊದೆಗಳಿವೆ. ಎಲ್ಲ ಕಿತ್ತು ಹೊಸದಾಗಿ ಮಾಡಬೇಕಾ?

ಕೀಳುವ ಮೊದಲು ಒಂದು ವರ್ಷ ಕಾಯಿರಿ. ಯಾವುದು ಯಾವಾಗ ಹೂ ಬಿಡುತ್ತದೆ, ಯಾವುದು ನೆರಳು ಕೊಡುತ್ತದೆ ಅಂತ ಗೊತ್ತಾಗುತ್ತದೆ. ಬೇರೂರಿದ ಪೊದೆ ಹೊಸ ಸಸಿಗಿಂತ ಎಷ್ಟೋ ವರ್ಷ ಮುಂದಿರುತ್ತದೆ. ಬುಡದಿಂದ ಹಲವು ಕಾಂಡ ಬರುವ ದಾಸವಾಳದಂಥ ಪೊದೆ ಒರಟಾಗಿದ್ದರೆ ಎಲ್ಲ ಕಾಂಡಗಳಲ್ಲಿ ಅತಿ ಹಳೆಯ ಮೂರನೇ ಒಂದು ಭಾಗವನ್ನು ಈ ವರ್ಷ ನೆಲದ ಹತ್ತಿರಕ್ಕೆ ಕತ್ತರಿಸಿ. ಮುಂದಿನ ವರ್ಷ ಉಳಿದ ಹಳೆಯದರಲ್ಲಿ ಅರ್ಧ, ಮೂರನೇ ವರ್ಷ ಮಿಕ್ಕಿದ್ದು. ನಡುವೆ ಎಂದೂ ಪೊದೆ ಬೋಳಾಗುವುದಿಲ್ಲ, ಮೂರು ವರ್ಷದಲ್ಲಿ ಎಲ್ಲ ಕಾಂಡವೂ ಹೊಸದಾಗಿರುತ್ತದೆ.